ಶತ್ರು ಎಷ್ಟು ಗಟ್ಟಿ ಇರಬೇಕು, ಗುಹೆಯಲ್ಲಿ ಏನು ಸಿಗಬೇಕು? ಸ್ಕೈರಿಮ್ ಮಾಡ್ ಒಂದಕ್ಕೆ ಸಲಹೆ ಬೇಕು

ದ್ವೀಪಗಾರ

ಸ್ಕೈರಿಮ್ ಸ್ಪೆಷಲ್ ಎಡಿಷನ್ ಗೇಮಿಗೆ ಒಂದು ದ್ವೀಪದ ಮಾಡ್ (ಆಟಗಾರರೇ ಮಾಡಿ ಸೇರಿಸುವ ಹೊಸ ಭಾಗ) ತಯಾರಾಗುತ್ತಿದೆ. ಒಂದು ಹಳ್ಳಿ, ಆರು ಗುಹೆ, ಒಂದು ಪಾಳುಕೋಟೆ. ಆಡಿ ನೋಡಿದವರ ದೂರು ಎರಡು. ಶತ್ರುಗಳು ಕಷ್ಟ ಅಂತ ಅನಿಸಲ್ಲ, ಸುಮ್ಮನೆ ಸಾಯೋದಿಲ್ಲ, ಹೊಡೆದು ಹೊಡೆದು ಬೇಜಾರಾಗುತ್ತೆ ಅನ್ನೋದು ಮೊದಲನೆಯದು. ಎರಡು ಗುಹೆ ಮುಗಿಸಿದ ಮೇಲೆ ಮೂರನೆಯದರೊಳಗೆ ಕಾಲಿಡೋಕೆ ಮನಸ್ಸೇ ಬರಲ್ಲ ಅನ್ನೋದು ಇನ್ನೊಂದು.

ಈಗಿನ ಸೆಟ್ಟಿಂಗ್ ಹೀಗಿದೆ: ಇಡೀ ದ್ವೀಪಕ್ಕೆ ಒಂದೇ ಎನ್‌ಕೌಂಟರ್ ಝೋನ್ (ಶತ್ರುಗಳ ಲೆವೆಲ್ ಮಿತಿ ಹೇಳುವ ವಲಯ), ಮಿನಿಮಮ್ 1, ಮ್ಯಾಕ್ಸಿಮಮ್ 0. ಬಾಸ್‌ಗಳೆಲ್ಲ ಪಿಸಿ ಲೆವೆಲ್ ಮಲ್ಟ್ (ಆಟಗಾರನ ಲೆವೆಲ್ಲಿನ ಎಷ್ಟು ಪಟ್ಟು ಅನ್ನೋದು) 1.25, ಕ್ಯಾಲ್ಕ್ ಮ್ಯಾಕ್ಸ್ (ಅದರ ಮೇಲ್ಮಿತಿ) 0. ಪೆಟ್ಟಿಗೆಗಳಲ್ಲಿ ಮೂಲ ಗೇಮಿನ ಲೆವೆಲ್ಡ್ ಲಿಸ್ಟುಗಳೇ (ಲೆವೆಲ್ ನೋಡಿ ವಸ್ತು ಆರಿಸುವ ಪಟ್ಟಿಗಳು) ಇವೆ. ರಿಪೇರಿ ಎಲ್ಲಿಂದ ಶುರು ಮಾಡೋದು?

ಕೋಟೆಕೊತ್ತಲ

ಆ ಎರಡು ಸೊನ್ನೆಗಳಿಂದ ಶುರು ಮಾಡಿ. ಝೋನಿನ ಮ್ಯಾಕ್ಸಿಮಮ್ 0 ಅಂದರೆ ಮೇಲ್ಮಿತಿ ಇಲ್ಲ. ಬಾಸ್‌ನ ಕ್ಯಾಲ್ಕ್ ಮ್ಯಾಕ್ಸ್ 0 ಅಂದರೂ ಅದೇ. 40ನೇ ಲೆವೆಲ್ಲಿನ ಆಟಗಾರ ಬಂದರೆ ನಿಮ್ಮ ಬಾಸ್ 50 ಆಗಿ ನಿಂತಿರುತ್ತಾನೆ, 8ನೇ ಲೆವೆಲ್ಲಿನವನು ಬಂದರೆ 10. ಅಂದರೆ ಆರೂ ಗುಹೆಗಳ ಕಷ್ಟ ಯಾವಾಗಲೂ ಒಂದೇ. ಒಂದನ್ನು ನೋಡಿದರೆ ಆರನ್ನೂ ನೋಡಿದ ಹಾಗೆ. ನಿಮ್ಮ ಎರಡೂ ದೂರುಗಳ ಬೇರು ಇದೇ.

ಕಷ್ಟ ಅನ್ನೋದು ಆಟಗಾರನ ಬೆನ್ನಿಗೆ ಅಂಟಿಕೊಂಡು ಬರಬಾರದು, ಜಾಗಕ್ಕೆ ಸೇರಿರಬೇಕು. ಸ್ಕೈರಿಮ್‌ನಲ್ಲೇ ಇದಕ್ಕೆ ಒಳ್ಳೇ ಉದಾಹರಣೆ ಜೈಂಟ್. ಅದು 32ನೇ ಲೆವೆಲ್, ಆಟಗಾರ 3 ಇರಲಿ 60 ಇರಲಿ ಬದಲಾಗಲ್ಲ. ವೈಟ್‌ರನ್ ಸುತ್ತಿನ ಬಯಲಲ್ಲಿ ಬೆಂಕಿ, ಮ್ಯಾಮತ್ ಹಿಂಡು ದೂರದಿಂದಲೇ ಕಾಣುತ್ತೆ. ಹತ್ತಿರ ಹೋದರೆ ಜೈಂಟ್ ಮೊದಲು ತಿರುಗಿ ಗದರಿಸುತ್ತೆ, ಆಮೇಲೂ ನಿಂತರೆ ಮಾತ್ರ ಗದೆ ಎತ್ತುತ್ತೆ. ಮೊದಲ ಗಂಟೆಯಲ್ಲಿ ಒಂದೇ ಏಟಿಗೆ ಸಾಯಿಸುವ ಶತ್ರು ಇದ್ದರೂ ಯಾರಿಗೂ ಅನ್ಯಾಯ ಅನಿಸಲ್ಲ, ಯಾಕೆಂದರೆ ಕಣ್ಣಿಗೆ ಕಾಣುತ್ತೆ, ಎಚ್ಚರಿಕೆ ಕೊಡುತ್ತೆ, ಓಡಿಹೋಗಲು ದಾರಿ ಇರುತ್ತೆ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಬರೀ ಕಿರಿಕಿರಿ.

ಲೆಕ್ಕದಪುಸ್ತಕ

ಮೊದಲ ದೂರಿನ ಬಗ್ಗೆ: ಆಡಿ ನೋಡಿದವರು ಯಾವ ಡಿಫಿಕಲ್ಟಿಯಲ್ಲಿ ಆಡಿದ್ದಾರೆ ಕೇಳಿದ್ರಾ? ಸ್ಕೈರಿಮ್‌ನಲ್ಲಿ ಡಿಫಿಕಲ್ಟಿ ಅಂದರೆ ಗುಣಾಕಾರ ಬಿಟ್ಟರೆ ಬೇರೇನೂ ಇಲ್ಲ.

ನೋವಿಸ್: ನೀವು ಕೊಡೋ ಏಟು 2 ಪಟ್ಟು, ತಿನ್ನೋದು 0.5
ಅಪ್ರೆಂಟಿಸ್: 1.5, 0.75
ಅಡೆಪ್ಟ್: 1, 1
ಎಕ್ಸ್‌ಪರ್ಟ್: 0.75, 1.5
ಮಾಸ್ಟರ್: 0.5, 2
ಲೆಜೆಂಡರಿ: 0.25, 3

300 ಹೆಲ್ತ್ ಇರುವ ಶತ್ರು, 20 ಡ್ಯಾಮೇಜಿನ ಕತ್ತಿ ಅಂದುಕೊಳ್ಳಿ. ಅಡೆಪ್ಟ್‌ನಲ್ಲಿ 15 ಏಟು, ಲೆಜೆಂಡರಿಯಲ್ಲಿ 60. ಶತ್ರುವಿನ ಬುದ್ಧಿ ಅಷ್ಟೇ, ಚಲನೆ ಅಷ್ಟೇ. ಅದರ ಮೇಲೆ ನಿಮ್ಮ 1.25 ಬಂದು ಕೂತರೆ ಡ್ಯಾಮೇಜ್ ಸ್ಪಾಂಜ್ (ಏಟು ಹೀರುತ್ತಾ ಸುಮ್ಮನೆ ನಿಲ್ಲುವ ಶತ್ರು) ಆಗದೆ ಇನ್ನೇನಾಗುತ್ತೆ? ಈ ಗುಣಾಕಾರ ಆಟಗಾರನಿಗೆ ಮಾತ್ರ ತಗಲುತ್ತೆ, ಜೊತೆಗಾರರಿಗೆ ತಗಲಲ್ಲ. ಹಾಗಾಗಿ ಲೆಜೆಂಡರಿಯಲ್ಲಿ ಜೊತೆಗಾರ್ತಿ ಲಿಡಿಯಾ ಹೊಡೆಯೋದು, ಆಟಗಾರ ದೂರ ನಿಂತು ನೋಡೋದು. ಬ್ಯಾಲೆನ್ಸ್ ಮಾಡುವಾಗ ಅಡೆಪ್ಟ್ ಇಟ್ಟುಕೊಂಡು, ಜೊತೆಗಾರರಿಲ್ಲದೆ ಲೆಕ್ಕ ಹಾಕಿ. ಮಾಮೂಲಿ ಶತ್ರು 5–6 ಏಟು, ಗುಂಪಿನ ನಾಯಕ 10–12, ಬಾಸ್ 25ರ ಒಳಗೆ. ಇದನ್ನು ಮೀರಿದರೆ ಆಟಗಾರ ಹೊಸದೇನೂ ಮಾಡಲ್ಲ, ಮಾಡಿದ್ದನ್ನೇ ಮಾಡ್ತಾನೆ.

ಹಳೆಗೇಮಿಗ

ಈ ರೋಗದ ಚರಿತ್ರೆ ನೋಡಬೇಕಂದರೆ 2006ರ ಆಬ್ಲಿವಿಯನ್ ಬಿಚ್ಚಿ ನೋಡಿ. ಅಲ್ಲಿ ಹೆಚ್ಚುಕಡಿಮೆ ಇಡೀ ಲೋಕ ಆಟಗಾರನ ಲೆವೆಲ್ ಜೊತೆ ಏರುತ್ತೆ. ಪುಡಿಗಾಸಿಗೆ ದಾರಿ ಅಡ್ಡಗಟ್ಟುವ ಬ್ಯಾಂಡಿಟ್ ಮುಂದೆ ಗ್ಲಾಸ್ ಆರ್ಮರ್ ತೊಟ್ಟು ನಿಂತಿರುತ್ತಾನೆ. ಅದನ್ನು ಮಾರಿದರೆ ಅವನೇ ಜಮೀನ್ದಾರ ಆಗಬಹುದಿತ್ತು.

ಅದಕ್ಕಿಂತ ಕೆಟ್ಟದ್ದು ಲೆವೆಲಿಂಗ್ ಜೊತೆಗಿನ ನಂಟು. ಮೇಜರ್ ಸ್ಕಿಲ್‌ಗಳು (ಆಟಗಾರ ಮೊದಲೇ ಆರಿಸಿಕೊಳ್ಳುವ ಮುಖ್ಯ ಕೌಶಲಗಳು) ಒಟ್ಟು 10 ಸಲ ಏರಿದರೆ, ಮಲಗಿ ಎದ್ದಾಗ ಒಂದು ಲೆವೆಲ್. ಅಥ್ಲೆಟಿಕ್ಸ್, ಸ್ಪೀಚ್‌ಕ್ರಾಫ್ಟ್, ಮರ್ಕೆಂಟೈಲ್‌ಗಳನ್ನು ಮೇಜರ್ ಮಾಡಿಕೊಂಡವನು ಓಡಿ, ಮಾತಾಡಿ, ವ್ಯಾಪಾರ ಮಾಡಿಯೇ ಲೆವೆಲ್ ಏರುತ್ತಾನೆ. ಶತ್ರುಗಳೂ ಏರುತ್ತಾರೆ, ಕತ್ತಿ ಹಿಡಿಯೋ ಕೈ ಮಾತ್ರ ಅಲ್ಲೇ ಇರುತ್ತೆ. ಲೆವೆಲ್ ಏರಿದ್ದೇ ಶಿಕ್ಷೆ ಆಗಿಬಿಡುತ್ತೆ. ಕ್ವಾಚ್ ಊರಿನ ಕ್ವೆಸ್ಟನ್ನು ಕಡಿಮೆ ಲೆವೆಲ್ಲಿನಲ್ಲೇ ಮುಗಿಸಿ ಅನ್ನೋ ಸಲಹೆ ಇವತ್ತಿಗೂ ಓಡಾಡುತ್ತಿರೋದು ಇದಕ್ಕೇ: ಬೇಗ ಹೋದರೆ ಪುಡಿ ಶತ್ರುಗಳಾದ ಸ್ಕ್ಯಾಂಪ್‌ಗಳು, ತಡವಾಗಿ ಹೋದರೆ ಬಲಿಷ್ಠ ಡೆಡ್ರಾತ್‌ಗಳು. 2025ರ ರಿಮಾಸ್ಟರ್ಡ್‌ನಲ್ಲಿ ಲೆವೆಲ್ಲಿಗೆ 12 ಪಾಯಿಂಟ್ ಕೊಟ್ಟು ಬೇಕಾದ ಆಟ್ರಿಬ್ಯೂಟ್‌ಗೆ ಹಂಚಿಕೊಳ್ಳಿ ಅಂದಿದ್ದು ದೊಡ್ಡ ಸುಧಾರಣೆ. ಆದರೆ ಶತ್ರು ಏರುವ ರೀತಿಯ ತಳಹದಿ ಅದೇ ಉಳಿದಿದೆ.

ಅಲೆಮಾರಿ

ಸ್ವಲ್ಪ ತಡೀರಿ. ಸ್ಕೇಲಿಂಗ್ (ಶತ್ರು ಆಟಗಾರನ ಲೆವೆಲ್ ಜೊತೆ ಏರೋದು) ಪೂರ್ತಿ ತೆಗೆದರೆ ಓಪನ್ ವರ್ಲ್ಡ್ ಅನ್ನೋದು ಹೆಸರಿಗೆ ಮಾತ್ರ ಉಳಿಯುತ್ತೆ. ವಿಚರ್ 3 ನೋಡಿ. ನಿಮಗಿಂತ 6 ಲೆವೆಲ್ ಮೇಲಿರುವ ಶತ್ರುವಿನ ತಲೆ ಮೇಲೆ ಕೆಂಪು ಬುರುಡೆ. ಮ್ಯಾಪ್ ದೊಡ್ಡದು, ಆದರೆ ಬುರುಡೆಗಳೇ ಬೇಲಿ. ಕೌಶಲದಿಂದ ಗೆಲ್ಲೋಣ ಅಂದರೂ ಲೆವೆಲ್ ಅಂತರದ ದಂಡ ಬೇರೆ ಬೀಳುತ್ತೆ. ತಿರುವುಮುರುವಾಗಿ, ಸೈಡ್ ಕ್ವೆಸ್ಟ್‌ಗಳನ್ನು ಪ್ರೀತಿಯಿಂದ ಮಾಡಿದವನಿಗೆ ಮುಖ್ಯ ಕಥೆ ಸಪ್ಪೆ. ಕ್ವೆಸ್ಟಿನ ಲೆವೆಲ್ಲಿಗಿಂತ 6 ಮೇಲೆ ಹೋದರೆ ಎಕ್ಸ್‌ಪಿ ಕೂಡ ನಾಮಕಾವಸ್ತೆ. ಹುಡುಕಾಡಿದ್ದಕ್ಕೆ ದಂಡ ಅಂದರೆ ಇದೇ ಅಲ್ವಾ? ಎನಿಮಿ ಅಪ್‌ಸ್ಕೇಲಿಂಗ್ ಆಯ್ಕೆ ಆಮೇಲೆ ಬಂತು, ಆದರೆ ಅದನ್ನು ಹಾಕಿದರೆ ಇಲಿಗಳೂ ರಾಕ್ಷಸರಾಗುತ್ತವೆ.

ಕೋಟೆಕೊತ್ತಲ

ಅಲೆಮಾರಿ ಹೇಳಿದ್ದು ಸರಿಯಾಗಿದೆ, ಅದಕ್ಕೇ ಮಿತಿ ಇಟ್ಟ ಸ್ಕೇಲಿಂಗ್ ಬೇಕು. ಮಾಡ್ ತಯಾರಿಸುವ ಸಾಫ್ಟ್‌ವೇರ್ ಕ್ರಿಯೇಷನ್ ಕಿಟ್‌ನಲ್ಲಿ ಅದಕ್ಕೆ ಬೇಕಾದ್ದೆಲ್ಲ ಇದೆ.

ದ್ವೀಪಗಾರ, ಒಂದು ಝೋನ್ ತೆಗೆದು ಏಳು ಮಾಡಿ, ಗುಹೆಗೊಂದು, ಕೋಟೆಗೊಂದು. ದೋಣಿ ಇಳಿಯುವ ಜಾಗದ ಹತ್ತಿರದ ಎರಡಕ್ಕೆ 6–14. ಒಳನಾಡಿನ ಮೂರಕ್ಕೆ 12–24. ಬೆಟ್ಟದ ಮೇಲಿನ ಗುಹೆಗೆ 22–36. ಕೋಟೆಗೆ 30–45. ಮ್ಯಾಚ್ ಪಿಸಿ ಬಿಲೋ ಮಿನಿಮಮ್ ಅನ್ನೋ ಟಿಕ್ ಹಾಕಬೇಡಿ, ಹಾಕಿದರೆ ಮಿನಿಮಮ್ ಇಟ್ಟೂ ಪ್ರಯೋಜನವಿಲ್ಲ. ಝೋನ್ ಮಾಡಿಟ್ಟರೆ ಸಾಲದು, ಪ್ರತಿ ಸೆಲ್‌ನ (ಗೇಮ್ ಬೇರೆಬೇರೆಯಾಗಿ ಲೋಡ್ ಮಾಡುವ ಜಾಗದ ತುಂಡು) ಪ್ರಾಪರ್ಟಿಯಲ್ಲಿ ಅದನ್ನು ಆರಿಸಬೇಕು. ಎರಡು ಸೆಲ್ ಇರುವ ಗುಹೆಯಲ್ಲಿ ಎರಡನೆಯದಕ್ಕೆ ಹಾಕೋದನ್ನು ಮರೆಯೋದು ತುಂಬಾ ಸಾಮಾನ್ಯ.

ಇನ್ನು ಗುಹೆಯ ಒಳಗೆ ಎಲ್ಲರೂ ಒಂದೇ ತೂಕ ಇರಬಾರದು. ಲೆವೆಲ್ಡ್ ಶತ್ರುವನ್ನು ಇಟ್ಟಾಗ ಆ ರೆಫರೆನ್ಸ್‌ಗೆ (ಅಲ್ಲಿಟ್ಟ ಆ ಒಂದು ಪ್ರತಿಗೆ) ಲೆವೆಲ್ ಮಾಡಿಫೈಯರ್ ಇರುತ್ತೆ, ಅಂದರೆ ಝೋನಿನ ಲೆವೆಲ್ಲಿಗೆ ಗುಣಿಸುವ ಸಂಖ್ಯೆ: ಈಸಿ 0.33, ಮೀಡಿಯಂ 0.67, ಹಾರ್ಡ್ 1, ವೆರಿ ಹಾರ್ಡ್ 1.25. ಝೋನ್ 20ಕ್ಕೆ ನಿಂತಿದ್ದರೆ ಈಸಿ ಜಾಗದಲ್ಲಿ 6, ಅಂದರೆ ಬ್ಯಾಂಡಿಟ್ ದರ್ಜೆಗಳಲ್ಲಿ 5ನೇ ಲೆವೆಲ್ಲಿನ ಔಟ್‌ಲಾ. ಮೀಡಿಯಂನಲ್ಲಿ 13, ಹೈವೇಮನ್‌ಗೆ 14 ಬೇಕಿರೋದರಿಂದ 9ರ ಥಗ್. ಹಾರ್ಡ್‌ನಲ್ಲಿ 19ರ ಪ್ಲಂಡರರ್. ವೆರಿ ಹಾರ್ಡ್‌ನಲ್ಲಿ 25ರ ಮರಾಡರ್. ಬಾಗಿಲ ಬಳಿ ಇಬ್ಬರು ಈಸಿ, ನಡುವೆ ಮೀಡಿಯಂ, ಕೊನೇ ಕೋಣೆಗೆ ಮೊದಲು ಒಬ್ಬ ವೆರಿ ಹಾರ್ಡ್. ಆಟಗಾರನಿಗೆ ತಾನು ಬಲಿತಿದ್ದೇನೆ ಅನ್ನೋದು ಬಾಗಿಲಲ್ಲೇ ಗೊತ್ತಾಗುತ್ತೆ, ಒಳಗೆ ಇನ್ನೂ ಭಯ ಉಳಿದಿರುತ್ತೆ.

ಸ್ಕೈರಿಮ್‌ನವರು ಆಬ್ಲಿವಿಯನ್‌ನಿಂದ ಕಲಿತ ಪಾಠ ಇಲ್ಲಿದೆ. ಎದ್ದು ಕಾದುವ ಹೆಣಗಳಾದ ಡ್ರಾಗರ್‌ಗಳ ಲೆವೆಲ್ ನೋಡಿ: ಬರೀ ಡ್ರಾಗರ್ 1, ರೆಸ್ಟ್‌ಲೆಸ್ 6, ವೈಟ್ 13, ಸ್ಕರ್ಜ್ 21, ಡೆತ್‌ಲಾರ್ಡ್ 30. ಅದೇ ಹೆಣಕ್ಕೆ ಹೆಲ್ತ್ ತುಂಬಿಸಿಲ್ಲ. ಹೆಸರು ಬೇರೆ, ಕೊಂಬಿನ ಹೆಲ್ಮೆಟ್ ಬೇರೆ, ಡೆತ್‌ಲಾರ್ಡ್ ಶೌಟ್ (ಮಂತ್ರಶಕ್ತಿಯ ಕೂಗು) ಕೂಗಿ ಕೈಯಲ್ಲಿನ ಆಯುಧ ಹಾರಿಸುತ್ತೆ. ನೋಡಿದ ತಕ್ಷಣ ಇವನು ಬೇರೆ ಅಂತ ಗೊತ್ತಾಗಬೇಕು.

ಮರದಕಾವಲು

ಶತ್ರುಗಳ ವಿಷಯ ಆಯಿತು, ನಿಮ್ಮ ಎರಡನೇ ದೂರು ನಿಜವಾಗಿ ಪೆಟ್ಟಿಗೆಯ ದೂರು ಮಾರಾಯ್ರೆ. ಕಷ್ಟಪಟ್ಟು ಒಳಗೆ ಹೋದವನಿಗೆ 40 ಚಿನ್ನ, ಒಂದು ಸ್ಟೀಲ್ ಬೂಟು, ಎರಡು ಲಾಕ್‌ಪಿಕ್ ಸಿಕ್ಕರೆ ಮೂರನೇ ಗುಹೆಗೆ ಯಾರು ಹೋಗ್ತಾರೆ?

ಎಲ್ಡನ್ ರಿಂಗ್ ಇದನ್ನು ಹೇಗೆ ಬಿಡಿಸಿದೆ ನೋಡಿ. ಅಲ್ಲಿ ಜಾಗದ ಬಗೆ ನೋಡಿದರೆ ಪ್ರತಿಫಲದ ಬಗೆ ಗೊತ್ತಾಗುತ್ತೆ. ಗಣಿ ಅಂದರೆ ಆಯುಧ ಬಲಪಡಿಸುವ ಸ್ಮಿತಿಂಗ್ ಸ್ಟೋನ್. ಕ್ಯಾಟಕೂಂಬ್ (ನೆಲದಡಿಯ ಸಮಾಧಿ) ಅಂದರೆ ನೆರವಿಗೆ ಆತ್ಮಗಳನ್ನು ಕರೆಯುವ ಸ್ಪಿರಿಟ್ ಆ್ಯಶ್, ಅವನ್ನು ಬಲಪಡಿಸುವ ಗ್ಲೋವ್‌ವರ್ಟ್ ಹೂ. ಪಾಳು ಚರ್ಚ್ ಅಂದರೆ ಗಾಯ ಮಾಗಿಸುವ ಸೀಸೆಯ ಬಲ ಹೆಚ್ಚಿಸುವ ಸೇಕ್ರೆಡ್ ಟಿಯರ್ ಸಿಗುವ ಸಾಧ್ಯತೆ. ಹೊಳೆಯುವ ಪುಟ್ಟ ಮರ ಅಂದರೆ ಆ ಸೀಸೆಗಳ ಸಂಖ್ಯೆ ಹೆಚ್ಚಿಸುವ ಗೋಲ್ಡನ್ ಸೀಡ್. ಮ್ಯಾಪಿನ ತುಂಡು ಸಿಕ್ಕಿದ ಮೇಲೆ ಗಣಿಯ ಬಾಯಿ ಕೆಂಪಂಚಿನ ಕಪ್ಪು ಚುಕ್ಕೆಯಾಗಿ ಚಿತ್ರದಲ್ಲೇ ಕಾಣುತ್ತೆ, ಐಕಾನ್ ಇಟ್ಟು ತೋರಿಸಲ್ಲ. ಕಣ್ಣಿಟ್ಟು ನೋಡಿದವನಿಗೆ ಮಾತ್ರ ಸಿಗುತ್ತೆ.

ಬೇಡಿಕೆಯ ಲೆಕ್ಕವೂ ಅಷ್ಟೇ ಚೊಕ್ಕ. ಮಾಮೂಲಿ ಆಯುಧ +25ರವರೆಗೆ ಹೋಗುತ್ತೆ. ಪ್ರತಿ ಮೂರು ಹಂತಕ್ಕೆ ಒಂದು ದರ್ಜೆಯ ಕಲ್ಲು, 2, 4, 6ರಂತೆ 12. ಎಂಟು ದರ್ಜೆಗೆ 96 ಕಲ್ಲು, ಕೊನೆಗೆ ಒಂದು ಏನ್ಷಂಟ್ ಡ್ರ್ಯಾಗನ್ ಕಲ್ಲು. ಸೋಂಬರ್ ಕಲ್ಲು ಬೇಡುವ ವಿಶೇಷ ಆಯುಧಕ್ಕೆ ಹಂತಕ್ಕೊಂದೇ ಕಲ್ಲು, +10ಕ್ಕೆ ಮುಗಿಯುತ್ತೆ. ಆದ್ದರಿಂದ ಗಣಿಯ ಗೋಡೆಯಲ್ಲಿ ಮಿನುಗುವ ಒಂದೊಂದು ಕಲ್ಲಿಗೂ ಬೆಲೆ ಇದೆ, ಅದು ಆಟಗಾರನ ಕೈಯಲ್ಲಿರುವ ಕತ್ತಿಗೇ ಸೇರುತ್ತೆ. ಅವನಿಗೆ ಬೇಡದ ಯಾವುದೋ ಕೊಡಲಿ ಸಿಗುವುದಕ್ಕಿಂತ ಇದು ಎಷ್ಟೋ ಮೇಲು. ರಾಯಾ ಲುಕೇರಿಯಾ ಕ್ರಿಸ್ಟಲ್ ಟನಲ್‌ನ ಬಾಸ್ ಹೊಡೆದರೆ ಸಿಗುವ ಬೆಲ್ ಬೇರಿಂಗ್ (ಅಂಗಡಿಗೆ ಹೊಸ ಸರಕು ತರುವ ವಸ್ತು) ಒಯ್ದು ರೌಂಡ್‌ಟೇಬಲ್ ಹೋಲ್ಡ್‌ನ ಅವಳಿ ಮುದುಕಿಯರಿಗೆ ಕೊಟ್ಟರೆ 1 ಮತ್ತು 2ನೇ ದರ್ಜೆಯ ಕಲ್ಲು ಅಂಗಡಿಯಲ್ಲೇ ಸಿಗುತ್ತೆ. ಒಂದು ಗುಹೆ ಮುಗಿಸಿದ್ದಕ್ಕೆ ಮುಂದಿನ ಎಲ್ಲ ಆಯುಧಗಳಿಗೂ ಲಾಭ.

ಕಷ್ಟವೂ ಜಾಗಕ್ಕೇ ಕಟ್ಟಿದ್ದು. ಆಟ ಶುರುವಾಗಿ ಬಾಗಿಲು ತೆರೆದರೆ ಎದುರಿನ ದಾರಿಯಲ್ಲೇ ಬಂಗಾರದ ಕವಚದ ಟ್ರೀ ಸೆಂಟಿನೆಲ್ ಕುದುರೆ ಮೇಲೆ ಸುತ್ತುತ್ತಿರುತ್ತಾನೆ. ಅವನನ್ನು ಬಳಸಿಕೊಂಡು ಹೋಗಲು ಬಯಲು ಬೇಕಾದಷ್ಟಿದೆ. ಬುರುಡೆ ಚಿಹ್ನೆ ಇಲ್ಲ, ಲೆವೆಲ್ ನಂಬರ್ ಇಲ್ಲ, ಗೋಡೆಯೂ ಇಲ್ಲ.

ಅಲೆಮಾರಿ

ಅದೇ ಎಲ್ಡನ್ ರಿಂಗ್‌ನಲ್ಲಿ ಕ್ಯಾಟಕೂಂಬ್‌ಗಳು ಒಂದರ ಪಡಿಯಚ್ಚು ಇನ್ನೊಂದು, ಬಾಸ್‌ಗಳೂ ಮತ್ತೆ ಮತ್ತೆ ಬರುತ್ತವೆ. ಏನು ಸಿಗುತ್ತೆ ಅಂತ ಮೊದಲೇ ಗೊತ್ತಿದ್ದರೆ ಅದು ಹುಡುಕಾಟ ಅಲ್ಲ, ಪಟ್ಟಿ ಹಿಡಿದು ಸಂತೆಗೆ ಹೋದ ಹಾಗೆ.

ಮರದಕಾವಲು

ಕ್ಯಾಟಕೂಂಬ್ ವಿಷಯ ಒಪ್ಪಿದೆ. ಆದರೆ ಬಗೆ ಗೊತ್ತಿರೋದು ಬೇರೆ, ವಸ್ತು ಗೊತ್ತಿರೋದು ಬೇರೆ. ಗಣಿಗೆ ಹೋದರೆ ಕಲ್ಲು ಗ್ಯಾರಂಟಿ, ಹೋದದ್ದು ದಂಡ ಆಗಲ್ಲ. ಅದರ ಮೇಲೆ ಗೊತ್ತಿಲ್ಲದ ಒಂದು ವಸ್ತು ಇದ್ದರೆ ಅದು ಹಬ್ಬ. ನೆಲಗಟ್ಟು ಗಟ್ಟಿ ಇದ್ದಾಗ ಮಾತ್ರ ಅಚ್ಚರಿಗೆ ಜಾಗ. ಡ್ರ್ಯಾಗನ್ ಬರ್ಂಟ್ ರೂಯಿನ್ಸ್‌ನ ಪೆಟ್ಟಿಗೆ ತೆರೆದರೆ ಹೊಗೆ ಬಂದು ನೇರ ಕೇಲಿಡ್‌ನ ಸೆಲ್ಲಿಯಾ ಗಣಿಯೊಳಗೆ ಒಗೆಯುತ್ತೆ. ಲಿಮ್‌ಗ್ರೇವ್‌ನಲ್ಲಿ ಹತ್ತಾರು ಪೆಟ್ಟಿಗೆ ನೆಮ್ಮದಿಯಾಗಿ ತೆರೆದ ಮೇಲಲ್ಲವೇ ಅದರಿಂದ ಅಷ್ಟು ಆಘಾತ.

ಅದೇ ಗೇಮಿನ 2024ರ ವಿಸ್ತರಣೆ ಶ್ಯಾಡೋ ಆಫ್ ದಿ ಎರ್ಡ್‌ಟ್ರೀಯನ್ನೂ ಸೇರಿಸಿಕೊಳ್ಳಿ. 150ನೇ ಲೆವೆಲ್ಲಿನವನು ಬಂದರೂ ಹೊಡೆತ ಜೋರು. ಅಲ್ಲಿ ಬಲ ಬರೋದು ಹರಡಿಟ್ಟ 50 ಸ್ಕ್ಯಾಡುಟ್ರೀ ಫ್ರ್ಯಾಗ್‌ಮೆಂಟ್‌ಗಳಿಂದ, ಒಟ್ಟು 20 ಹಂತ. ಕೊಡುವ ಏಟು ಹೆಚ್ಚು, ತಿನ್ನುವ ಏಟು ಕಡಿಮೆ, ಆ ನಾಡಿನೊಳಗೆ ಮಾತ್ರ. ಬಾಸ್ ಹತ್ತಿರ ಸಿಕ್ಕಿಬಿದ್ದವನಿಗೆ ಉತ್ತರ ಒಂದೇ, ಹೋಗಿ ತಿರುಗಾಡು. ದ್ವೀಪಗಾರ, ನಿಮ್ಮ ದ್ವೀಪಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಗುಹೆಗೊಂದು ಹಳೇ ಶಾಸನದ ತುಂಡು ಇಡಿ, ದ್ವೀಪದ ಶತ್ರುಗಳ ಮೇಲೆ ತುಂಡಿಗೆ ಶೇ. 5 ಹೆಚ್ಚು ಡ್ಯಾಮೇಜ್. ಆರಕ್ಕೆ ಶೇ. 30. ಕೋಟೆಯ ಬಾಸ್‌ಗೆ ಅದನ್ನೇ ಲೆಕ್ಕದಲ್ಲಿ ಹಿಡಿಯಿರಿ.

ಹಳೆಗೇಮಿಗ

ಪೆಟ್ಟಿಗೆ ವಿಷಯಕ್ಕೆ ಇನ್ನೊಂದು. ಲೆವೆಲ್ಲಿಗೆ ತಕ್ಕ ಹಾಗೆ ಬದಲಾಗುವ ವಿಶೇಷ ಆಯುಧ ಯಾವತ್ತೂ ಇಡಬೇಡಿ. ಸ್ಕೈರಿಮ್‌ನ ರಿಫ್ಟನ್‌ನಲ್ಲಿ ಸಿಗುವ ಚಿಲ್‌ರೆಂಡ್ 10ನೇ ಲೆವೆಲ್ ಒಳಗೆ ತೆಗೆದರೆ ಡ್ಯಾಮೇಜ್ 10, ಫ್ರಾಸ್ಟ್ 5. 46 ಆದಮೇಲೆ ತೆಗೆದರೆ 15, 30. ಒಮ್ಮೆ ಎತ್ತಿಕೊಂಡರೆ ಅದೇ ಗತಿ. ಇದರಿಂದ ಬುದ್ಧಿವಂತ ಆಟಗಾರ ಕಲಿಯುವ ಪಾಠ: ಬೇಗ ಹೋಗಬೇಡ. ಹುಡುಕಾಟದ ಆಟದಲ್ಲಿ ಇದಕ್ಕಿಂತ ಕೆಟ್ಟ ಪಾಠ ಇಲ್ಲ.

2002ರ ಮಾರೋವಿಂಡ್ ತದ್ವಿರುದ್ಧ. ಅಪರೂಪದ ವಸ್ತುಗಳನ್ನು ಕೈಯಾರೆ ಇಟ್ಟಿದ್ದಾರೆ, ಲೆವೆಲ್ ಕೇಳಲ್ಲ. ಘೋಸ್ಟ್‌ಗೇಟ್‌ನಲ್ಲಿ ಗ್ಲಾಸ್ ಆರ್ಮರ್ ಇದೆ ಅಂದರೆ ಇದೆ. 2ನೇ ಲೆವೆಲ್ಲಿನವನು ಕದ್ದು ತಂದರೆ ಅದು ಅವನ ಗೆಲುವು. ದಾರಿಯೂ ಹಾಗೇ: ಬಾಣದ ಗುರುತಿಲ್ಲ, ಸೇತುವೆ ದಾಟಿ ಎಡಕ್ಕೆ ತಿರುಗಿ ಅನ್ನೋ ಮಾತೇ ಜರ್ನಲ್‌ನಲ್ಲಿ. ಕೆಲವೊಮ್ಮೆ ಆ ಮಾತೇ ತಪ್ಪಿರುತ್ತೆ, ಅದು ಬೇರೆ ಸಂಗತಿ. ನಿಮ್ಮ ಹಳ್ಳಿಯವರ ಬಾಯಲ್ಲಿ ಇಂಥ ಮಾತು ಆಡಿಸಿ, ಮ್ಯಾಪ್ ಮಾರ್ಕರ್ ಮೊದಲೇ ತೆರೆದಿಡಬೇಡಿ. ವಿಚರ್ 3ರ ಸ್ಕೆಲ್ಲಿಗೆ ಸಮುದ್ರದ ತುಂಬ ಪ್ರಶ್ನಾರ್ಥಕ ಚಿಹ್ನೆ ಚೆಲ್ಲಿದ್ದರಿಂದ ಅದು ದೋಣಿ ಓಡಿಸುವ ಕೂಲಿ ಕೆಲಸ ಆಯಿತು. ಅದೇ ಗೇಮಿನ ಗ್ರಿಫಿನ್, ಕ್ಯಾಟ್ ಸೆಟ್‌ಗಳ ನಕ್ಷೆ ಹುಡುಕೋದು ಮಾತ್ರ ಎಲ್ಲರಿಗೂ ಇಷ್ಟ, ಯಾಕೆಂದರೆ ಅಲ್ಲಿ ಓದಲು ಟಿಪ್ಪಣಿ ಇದೆ, ಕೊನೆಗೆ ಸಿಗೋದು ನಿಶ್ಚಿತ ವಸ್ತು.

ದ್ವೀಪಗಾರ

ಝೋನ್ ಒಡೆಯೋದು, ತುಂಡುಗಳು ಎರಡೂ ಹಿಡಿಸಿದವು. ಹೆಲ್ತ್ ಇಳಿಸಿದ ಮೇಲೆ ಕಷ್ಟ ಎಲ್ಲಿಂದ ತರೋದು?

ಲೆಕ್ಕದಪುಸ್ತಕ

ಗುಂಪಿನ ಜೋಡಣೆಯಿಂದ. ಒಂದೇ ಬಗೆಯ ಐದು ಜನರ ಬದಲು ಗುರಾಣಿ ಹಿಡಿದವ ಒಬ್ಬ ಇಕ್ಕಟ್ಟಿನ ಬಾಗಿಲಲ್ಲಿ, ಬಿಲ್ಲುಗಾರ ಇಬ್ಬರು ಹಿಂದಿನ ಅಟ್ಟದ ಮೇಲೆ, ಮಂತ್ರಗಾರ ಒಬ್ಬ ಕಂಬದ ಮರೆಯಲ್ಲಿ. ಒಬ್ಬೊಬ್ಬರೂ 5 ಏಟಿಗೆ ಬೀಳಲಿ, ಯಾರನ್ನು ಮೊದಲು ಅನ್ನೋದೇ ಕಷ್ಟ. ಗುರಾಣಿಯವನ ಕಾಂಬ್ಯಾಟ್ ಸ್ಟೈಲ್‌ನಲ್ಲಿ ಡಿಫೆನ್ಸಿವ್ ಮಲ್ಟ್ ಏರಿಸಿ, ಆಫೆನ್ಸಿವ್ ಇಳಿಸಿ. ಅಟ್ಟಕ್ಕೆ ಹತ್ತುವ ಬೇರೆ ದಾರಿ ಇಡಿ, ಸುತ್ತಿ ನೋಡಿದವನಿಗೆ ಅದೇ ಬಹುಮಾನ.

ಪ್ರತಿ ಗುಂಪಿನಲ್ಲಿ ದೂರದಿಂದ ಹೊಡೆಯುವವನು ಒಬ್ಬನಾದರೂ ಇರಲಿ. ಇಲ್ಲದಿದ್ದರೆ ಆಟಗಾರ ಬಂಡೆ ಹತ್ತಿ ನಿಂತು ಬಾಣ ಬಿಡುತ್ತಾನೆ, ಶತ್ರುಗಳು ಕೆಳಗೆ ಅತ್ತಿತ್ತ ಓಡುತ್ತಾರೆ, ಅಲ್ಲಿಗೆ ಮುಗೀತು. ಝೆಲ್ಡಾ ಬ್ರೆತ್ ಆಫ್ ದಿ ವೈಲ್ಡ್‌ನ ಒಂದು ಉಪಾಯವೂ ಕದಿಯೋಕೆ ಯೋಗ್ಯ. ಅಲ್ಲಿ ಶತ್ರು ಕೆಂಪು, ನೀಲಿ, ಕಪ್ಪು, ಬೆಳ್ಳಿ ಅಂತ ಏರಿದಂತೆ ಕೈಯಲ್ಲಿರುವ ಆಯುಧವೂ ಏರುತ್ತೆ. ಗಟ್ಟಿ ಶತ್ರುವಿನ ಕೈಯಲ್ಲಿರೋದೇ ನಿಮ್ಮ ಕೂಲಿ.

ನವ್‌ಮೆಶ್_ನಾಗಣ್ಣ

ಲೆಕ್ಕ ಎಲ್ಲಾ ಸರಿ ಐತ್ರಿ, ಟೆಸ್ಟ್ ಮಾಡೋವಾಗ ಎಡವೋದು ಬ್ಯಾರೆ ಕಡೆ.

ಝೋನ್ ಒಳಗ ಮೊದಲ ಸಲ ಕಾಲಿಟ್ಟಾಗ ಅದರ ಲೆವೆಲ್ ಸೇವ್ ಫೈಲ್‌ನ್ಯಾಗ ಕುಂತುಬಿಡ್ತೈತಿ. ನೀವು ಕಿಟ್‌ನ್ಯಾಗ 6–14 ಅನ್ನೋದನ್ನ 12–24 ಮಾಡಿ ಅದೇ ಸೇವ್ ತೆರದ್ರ ಹಳೇ ಶತ್ರುಗಳೇ ಕಾಣ್ತಾರ. ಬದಲಾವಣೆ ಹತ್ತಿಲ್ಲ ಅಂತ ಮತ್ತ ಏರಿಸ್ತೀರಿ, ಕೊನೀಗೆ ಹೊಸ ಆಟಗಾರಗ ಅದು ಕೊಲೆಗಡುಕ ಗುಹೆ. ದ್ವೀಪಕ್ಕ ಕಾಲೇ ಇಡದ ಸೇವ್ ಒಂದು ಇಟ್ಕೊಂಡು ಪ್ರತಿ ಸಲ ಅದರಿಂದಲೇ ಹೋಗ್ರಿ. ಗೋಡಿ, ಬೆಳಕು ಅಷ್ಟೇ ನೋಡೋದಿದ್ರ ಮೇನ್ ಮೆನುವಿಂದ ಸಿಒಸಿ ಕಮಾಂಡ್ (ನೇರ ಆ ಜಾಗಕ್ಕ ಒಯ್ಯೋದು) ಸಾಕು.

ಸೆಟ್‌ಲೆವೆಲ್ 30 ಅಂತ ಕಮಾಂಡ್ ಕೊಟ್ಟು ಕಾಳಗ ಅಳೀಬ್ಯಾಡ್ರಿ. ಲೆವೆಲ್ ಅಷ್ಟೇ ಏರತೈತಿ, ಹೆಲ್ತ್, ಸ್ಕಿಲ್, ಪರ್ಕ್ ಯಾವುದೂ ಏರಂಗಿಲ್ಲ. 30ರ ಶತ್ರು ಎದುರು 1ನೇ ಲೆವೆಲ್ ಮೈ ನಿಂತಿರ್ತೈತಿ. ನಿಜವಾಗಿ ಆಡಿ ಬೆಳೆಸಿದ 10, 20, 35ರ ಸೇವ್ ಬೇಕು.

ಬಾಸ್‌ಗ ಲೊಕೇಶನ್ ರೆಫ್ ಟೈಪ್ ಬಾಸ್ ಅಂತ ಹಾಕಿ, ಲೊಕೇಶನ್‌ಗ ಕ್ಲಿಯರೆಬಲ್ ಕೀವರ್ಡ್ ಹಾಕಿದ್ರಷ್ಟೇ ಮ್ಯಾಪ್ ಮ್ಯಾಲೆ ಕ್ಲಿಯರ್ಡ್ ಅಂತ ಬರ್ತೈತಿ. ಬರಲಿಲ್ಲಂದ್ರ ಗುಹೆ 720 ತಾಸಿನ ಬದಲು 240 ತಾಸಿಗೇ ಮತ್ತ ತುಂಬತೈತಿ. ಆಟದೊಳಗಿನ 10 ದಿನ ಅಂದ್ರ ಎರಡು ಕ್ವೆಸ್ಟ್ ಮುಗಿಸಿ ಬರೋದ್ರಾಗ ಕಳೀತಾವು. ಶಾಸನದ ತುಂಡನ್ನ ಪೆಟ್ಟಿಗೆಯೊಳಗ ಇಡಬ್ಯಾಡ್ರಿ, ರೀಸೆಟ್ ಆದ್ರ ಎರಡನೇದು ಸಿಗ್ತೈತಿ. ಕಲ್ಲಿನ ಕಟ್ಟಿ ಮ್ಯಾಲೆ ಆ್ಯಕ್ಟಿವೇಟರ್ (ಮುಟ್ಟಿದ್ರ ಕೆಲಸ ಮಾಡೋ ವಸ್ತು) ಮಾಡಿ, ಒಂದ್ಸಲ ಮುಟ್ಟಿದ ಮ್ಯಾಲೆ ಸ್ಕ್ರಿಪ್ಟ್‌ನಿಂದ ಡಿಸೇಬಲ್ ಮಾಡ್ರಿ.

ಲೆಕ್ಕದಪುಸ್ತಕ ಹೇಳಿದ ಅಟ್ಟಕ್ಕ ನವ್‌ಮೆಶ್ (ಪಾತ್ರಗಳು ಎಲ್ಲಿ ನಡೀಬಹುದು ಅಂತ ಗೇಮಿಗೆ ಹೇಳೋ ಬಲೆ) ಎಳೆದು, ಮೆಟ್ಟಿಲ ಮೂಲಕ ಕೆಳಗಿನ ಮೆಶ್‌ಗೆ ಕೂಡಿಸ್ರಿ. ತುಂಡಾಗಿ ಬಿಟ್ರ ಬಿಲ್ಲುಗಾರ ಬಾಣ ಬಿಡ್ತಾನ, ಆದ್ರ ಆಟಗಾರ ಕಣ್ಮರೆ ಆದಕೂಡಲೆ ಅಲ್ಲೇ ಗೋಡಿಗೆ ಮುಖ ಮಾಡಿ ನಿಂತುಬಿಡ್ತಾನ.

ದ್ವೀಪಗಾರ

ಈಗಿನ ಯೋಜನೆ: ಝೋನ್ ಏಳು, ಮೇಲೆ ಹೇಳಿದ ಮಿತಿಗಳೇ. ಬಾಸ್ ಮಲ್ಟ್ 1.25ರಿಂದ 1, ಕ್ಯಾಲ್ಕ್ ಮ್ಯಾಕ್ಸ್ ಆಯಾ ಝೋನಿನ ಮ್ಯಾಕ್ಸಿಮಮ್‌ಗಿಂತ 4 ಹೆಚ್ಚು. ಗುಹೆಗೊಂದು ಶಾಸನ, ಜೊತೆಗೆ ಒಂದು ನಿಶ್ಚಿತ ವಸ್ತು. ಉಳಿದ ಪೆಟ್ಟಿಗೆಗಳನ್ನು ಅರ್ಧಕ್ಕರ್ಧ ತೆಗೆಯಲಾಗುವುದು. ಬೆಟ್ಟದ ಗುಹೆಗೆ ಕಡಿಮೆ ಲೆವೆಲ್ಲಿನವರು ಬಂದರೆ ಎಚ್ಚರಿಕೆ ಕೊಡೋದು ಹೇಗೆ? ಬಾಗಿಲಲ್ಲಿ ಮೆಸೇಜ್ ಬಾಕ್ಸ್ ಹಾಕಲು ಮನಸ್ಸಿಲ್ಲ.

ಕೋಟೆಕೊತ್ತಲ

ಮೆಸೇಜ್ ಬಾಕ್ಸ್ ಬೇಡ. ಬಾಗಿಲಿನಿಂದ ಆಚೆ, ಏರುದಾರಿಯ ತಿರುವಿನಲ್ಲಿ ಒಳಗಿರುವ ಬಗೆಯದೇ ಒಂದು ಶತ್ರು ಇಡಿ, ಲೆವೆಲ್ 24ಕ್ಕೆ ಕಟ್ಟಿದ್ದು. ಆಟಗಾರನ ಕಡೆ ಬೆನ್ನು ಮಾಡಿ ನಿಂತಿರಲಿ, ಕೆಳಗಿನ ತಿರುವಿನಿಂದಲೇ ಕಾಣಲಿ. ಅವನ ಹತ್ತಿರ ಸ್ಟೀಲ್ ಪ್ಲೇಟ್ ತೊಟ್ಟ ಎರಡು ಹೆಣ. 8ನೇ ಲೆವೆಲ್ಲಿನವನು ಒಂದು ಬಾಣ ಬಿಟ್ಟು ಹೆಲ್ತ್ ಬಾರ್ ಅಲುಗದ್ದನ್ನು ನೋಡಿ ಇಳಿಜಾರಿನಲ್ಲಿ ಓಡುತ್ತಾನೆ. ಓಡಿದರೆ ಬದುಕಬೇಕು, ಅದಕ್ಕೆ ದಾರಿಯ ಒಂದು ಬದಿ ನೀರಿಗೆ ತೆರೆದಿರಲಿ, ಈ ಶತ್ರುವಿಗೆ ಮಾತ್ರ ಬಿಲ್ಲು ಕೊಡಬೇಡಿ.

ನವ್‌ಮೆಶ್_ನಾಗಣ್ಣ

ಆ ಹೆಣಗಳ ಮೈಮ್ಯಾಲಿನ ಸ್ಟೀಲ್ ಪ್ಲೇಟ್ ಆಟಗಾರ ಬಿಚ್ಕೊಂಡು ಹೋಗ್ತಾನ, ಅದನ್ನೂ ಪ್ರತಿಫಲದ ಲೆಕ್ಕಕ್ಕ ಹಿಡೀರಿ. ಹೊರಗಿನ ಆ ಸೆಲ್‌ಗೂ ಬೆಟ್ಟದ ಗುಹೆಯ ಝೋನೇ ಹಚ್ಚಿದ್ರ, ಬಾಗಿಲ ತನಕ ಬಂದು ಓಡಿಹೋದವನ ಲೆವೆಲ್‌ಗೇ ಗುಹೆ ಲಾಕ್ ಆಗ್ತೈತಿ. ಹೊರಗಿನ ಸೆಲ್‌ಗ ಬ್ಯಾರೆ ಝೋನ್ ಮಾಡ್ರಿ.